ಸೂತಕ ಕಳೆದ ಮೇಲಿನ ದುಃಖ



ಮನೋರೋಗಕ್ಕೆ ಜಿಲ್ಲೆಯೊಳಗೇ ಚಿಕಿತ್ಸೆ ಕೊಡಲು ಆದೀತೇ ಎಂದು ನೋಡಲು 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆರಿಸಿಕೊಂಡದ್ದು ನಮ್ಮ ಬಳ್ಳಾರಿಯನ್ನು. ಡಾ. ಆರ್. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್ ಮೊದಲಾದವರು ಹಿಂದೆ ನಿಂತ ಈ ಕೆಲಸ 1990ರವರೆಗೆ ನಡೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ, ಊರೂರು ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ, ಕೆಲವೇ ಅಗತ್ಯ ಔಷಧಗಳು, ಸರಳವಾದ ದಾಖಲೆ ಹಾಳೆ. ಬಂಡವಾಳ ಇಷ್ಟೇ. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುಮಾಡಿದಾಗ ಮುಂದಿಟ್ಟುಕೊಂಡದ್ದು ಇದನ್ನೇ. ಮನೋವೈದ್ಯ ಶಾಸ್ತ್ರ ಓದಿದವರಿಗೆಲ್ಲ ‘ಬಳ್ಳಾರಿ ಮಾದರಿ’ ಎಂಬ ಮಾತು ಗೊತ್ತು. ಗೊತ್ತಿಲ್ಲದವರು ಬಳ್ಳಾರಿಯವರೇ. ನಮಗೆ ಗಣಿ ಗೊತ್ತು, ಬಿಸಿಲು ಗೊತ್ತು, ಜೀನ್ಸ್ ಗೊತ್ತು.

ಆ ದಾಖಲೆ ಹಾಳೆಯಲ್ಲಿ ಇಲ್ಲದ, ಇರಲು ಸಾಧ್ಯವೂ ಇಲ್ಲದ ಒಂದು ಕಾಯಿಲೆಯ ಬಗ್ಗೆ ಇವತ್ತು ಮಾತಾಡುತ್ತೇನೆ. ಹತ್ತಿರದವರು ತೀರಿಕೊಂಡ ಮೇಲೆ ತಿಂಗಳುಗಟ್ಟಲೆ ಬಿಡದೆ ಹಿಡಿದು, ಉಣ್ಣುವ ಉಡುವ ದುಡಿಯುವ ಬದುಕನ್ನೇ ನಿಲ್ಲಿಸಿಬಿಡುವ ದುಃಖಕ್ಕೆ ಆಗ ಜಗತ್ತಿನ ಯಾವ ಅಧಿಕೃತ ರೋಗಪಟ್ಟಿಯಲ್ಲೂ ಹೆಸರಿರಲಿಲ್ಲ. ಈಗ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಪರಿಷ್ಕರಣೆ 2019ರಲ್ಲಿ ಒಪ್ಪಿಗೆಯಾಗಿ 2022ರ ಜನವರಿಯಲ್ಲಿ ಜಾರಿಗೆ ಬಂತು; ಅದರಲ್ಲಿ ದೀರ್ಘಕಾಲಿಕ ಶೋಕಕ್ಕೆ ಒಂದು ಸಂಖ್ಯೆ ಸಿಕ್ಕಿದೆ. ಅದರಂತೆ ಸಾವಾಗಿ ಕನಿಷ್ಠ ಆರು ತಿಂಗಳು ಕಳೆದಿರಬೇಕು. ಅದೇ ವರ್ಷದ ಮಾರ್ಚಿನಲ್ಲಿ ಬಂದ ಅಮೆರಿಕದ ಮನೋವೈದ್ಯರ ಪಟ್ಟಿ ದೊಡ್ಡವರಿಗೆ ಹನ್ನೆರಡು ತಿಂಗಳು, ಮಕ್ಕಳಿಗೆ ಆರು ತಿಂಗಳು ಎಂದಿತು. ಸತ್ತವರಿಗಾಗಿ ತೀರದ ಹಂಬಲ ಅಥವಾ ಸದಾ ಅವರದೇ ಧ್ಯಾನ ಇರಬೇಕು. ಜೊತೆಗೆ ಸಾವನ್ನು ನಂಬಲಾಗದಿರುವುದು, ಮರಗಟ್ಟಿದಂತಾಗುವುದು, ಬದುಕಿಗೆ ಅರ್ಥವಿಲ್ಲ ಅನ್ನಿಸುವುದು, ತನ್ನದೊಂದು ಭಾಗವೇ ಸತ್ತಂತೆ ತೋರುವುದು, ಇಂಥವುಗಳಲ್ಲಿ ಕೆಲವು ಇರಬೇಕು.

ಎರಡೂ ಪಟ್ಟಿಗಳಲ್ಲಿ ಇನ್ನೊಂದು ಷರತ್ತಿದೆ. ಆ ದುಃಖ ಆ ವ್ಯಕ್ತಿಯ ಸಮಾಜ, ಸಂಸ್ಕೃತಿ, ಧರ್ಮ ಒಪ್ಪುವ ಮಿತಿಯನ್ನು ಸ್ಪಷ್ಟವಾಗಿ ಮೀರಿರಬೇಕು. ಓದಿದವರು ತಲೆದೂಗುತ್ತಾರೆ, ಎಷ್ಟು ಉದಾರವಾಗಿದೆ ಎಂದು. ನನಗೆ ಅಲ್ಲಿ ಕಾಣುವುದು ಉದಾರತೆಯಲ್ಲ, ನಮ್ಮ ತಲೆಗೆ ದಾಟಿಸಿದ ಕೆಲಸ. ನಮ್ಮ ಜಿಲ್ಲೆಯ ಸಿರುಗುಪ್ಪದ ಒಬ್ಬ ಹೆಣ್ಣುಮಗಳ ದುಃಖ ಮಿತಿ ಮೀರಿದೆ ಎನ್ನಬೇಕಾದರೆ ಸಿರುಗುಪ್ಪದ ಮಿತಿ ಯಾವುದು ಎಂದು ಯಾರಾದರೂ ಮೊದಲು ಬರೆದಿಟ್ಟಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯಿರುವ ಜಿನೀವಾದಲ್ಲಿ ಅದನ್ನು ಬರೆಯಲಾಗದು. ದುಃಖವನ್ನು ಅಳೆಯುವ ಮೊದಲು ನಮ್ಮ ಸೀಮೆಯ ಮಿತಿಗಳನ್ನು ಅಳೆದುಕೊಳ್ಳಬೇಕು ಎನ್ನುವುದು ನನ್ನ ವಾದ. ಆ ಮಿತಿಗಳೂ ನ್ಯಾಯವಾಗಿಯೇ ಇರುತ್ತವೆ ಎಂದು ನಂಬಬಾರದು ಎನ್ನುವುದು ಅದರ ಬೆನ್ನಿಗಿರುವ ಇನ್ನೊಂದು ವಾದ.

ಮೊದಲು ಅಳತೆಗೋಲಿನ ಹುಟ್ಟು. ಈ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಾದ ಪ್ರಶ್ನಾವಳಿಯನ್ನು ಹಾಲಿ ಪ್ರಿಗರ್ಸನ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದರು. ಹತ್ತೊಂಬತ್ತು ಹೇಳಿಕೆಗಳು, ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕು ಅಂಕ. ಮೊತ್ತ 25 ದಾಟಿದರೆ ಚಿಂತೆಯ ಸಂಗತಿ. ಈ 25 ಎಲ್ಲಿಂದ ಬಂತು? ಅಮೆರಿಕದ ಪಿಟ್ಸ್‌ಬರ್ಗ್ ಸೀಮೆಯಲ್ಲಿ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 97 ಮಂದಿ ವಯಸ್ಸಾದವರಿಂದ. ಸಂಶೋಧಕರದು ತಪ್ಪಲ್ಲ, ಎಲ್ಲಿಂದಲಾದರೂ ಶುರುಮಾಡಲೇಬೇಕಿತ್ತು. ಆದರೆ ಆ 97 ಜನರ ಗೆರೆ ಮುಂದೆ ಭಾಷೆಯಿಂದ ಭಾಷೆಗೆ ಹಾರಿ, ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ತಾಯಿಗೂ ಭೂಕಂಪದಲ್ಲಿ ಮನೆಮಂದಿಯನ್ನು ಕಳೆದುಕೊಂಡ ಹುಡುಗನಿಗೂ ಅನ್ವಯವಾಯಿತು. ಅದೇ ತಂಡದವರು 2021ರಲ್ಲಿ ಹೊರತಂದ ಹೊಸ ಪ್ರಶ್ನಾವಳಿಯಲ್ಲಿ ಲಕ್ಷಣದ ಪ್ರಶ್ನೆ ಹತ್ತೇ, ಮೊತ್ತ ಹತ್ತರಿಂದ ಐವತ್ತು, ಗೆರೆ 30ಕ್ಕೆ.

ಆ ಹಳೆಯ ಹತ್ತೊಂಬತ್ತರಲ್ಲಿ ಎರಡು ಹೇಳಿಕೆಗಳನ್ನು ಬಳ್ಳಾರಿಯ ಒಂದು ಮನೆಯಲ್ಲಿ ಕೇಳಿದಂತೆ ಊಹಿಸಿಕೊಳ್ಳಿ. ಸತ್ತವರ ದನಿ ಕೇಳಿಸುತ್ತದೆಯೇ? ಸತ್ತವರು ಕಣ್ಣೆದುರು ನಿಂತಂತೆ ಕಾಣುತ್ತಾರೆಯೇ? ಆಶಾ ಕಾರ್ಯಕರ್ತೆ ಹಾಳೆ ಹಿಡಿದು ಕೂತಿದ್ದಾಳೆ. “ಹೂಂ ಕಣಮ್ಮ, ಮೊನ್ನಿ ಅಮಾಸಿಗೆ ಬಂದಿದ್ರು. ಬೆಳಗಿನ ಜಾವ. ಏನೂ ಮಾತಾಡ್ಲಿಲ್ಲ, ನೀರು ಕೇಳಿದಂಗಾತು” ಎನ್ನುತ್ತಾಳೆ ಮನೆಯ ಹಿರಿಯಳು. ಹಾಳೆಯಲ್ಲಿ ಅಂಕ ಏರಿತು. ಆದರೆ ಆ ಮನೆಯಲ್ಲಿ ಈ ಮಾತಿಗೆ ಯಾರೂ ಗಾಬರಿಯಾಗುವುದಿಲ್ಲ. ಮಗ ಮರುದಿನವೇ ಎಡೆಗೆ ಬೇಕಾದ್ದು ತರುತ್ತಾನೆ, ಸತ್ತವರಿಗೆ ಇಷ್ಟವಿದ್ದದ್ದನ್ನು ಮಾಡಿಸುತ್ತಾನೆ. ಅಲ್ಲಿಗೆ ಮನಸ್ಸು ಹಗುರ. ಸತ್ತವರು ಬರುವುದು ಅಲ್ಲಿ ಲಕ್ಷಣವಲ್ಲ, ಬಾಕಿ ಉಳಿದ ಒಂದು ಕರ್ತವ್ಯದ ಸೂಚನೆ. ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ: ಎಡೆ ಇಟ್ಟ ಮೇಲೂ ಬರುತ್ತಾರೆಯೇ? ಬಂದಾಗ ಹೆದರಿಕೆಯೋ ಸಮಾಧಾನವೋ? ಹೊಸ ಪಟ್ಟಿಗಳು ಈ ದನಿ ಕೇಳುವ ಪ್ರಶ್ನೆಯನ್ನು ರೋಗದ ಮುಖ್ಯ ಲಕ್ಷಣವಾಗಿ ಇಟ್ಟುಕೊಂಡಿಲ್ಲ ಎನ್ನುವುದು ಸಮಾಧಾನದ ವಿಷಯ.

ಇನ್ನು ಮಿತಿಯ ವಿಚಾರ. ಸಿರುಗುಪ್ಪದಲ್ಲಿ ಒಂದೇ ಓಣಿ ಹಿಡಿದು ನಡೆಯಿರಿ. ಭತ್ತದ ಊರು, ಕನ್ನಡ ತೆಲುಗು ಉರ್ದು ಮೂರೂ ಬಾಯಲ್ಲಿರುವ ಊರು, ನದಿ ದಾಟಿದರೆ ರಾಯಚೂರು ಸೀಮೆ, ಇನ್ನೊಂದು ದಿಕ್ಕಿಗೆ ಹೋದರೆ ಆದೋನಿ. ಮುಸ್ಲಿಮರ ಮನೆಯಲ್ಲಿ ಗಂಡನನ್ನು ಕಳೆದುಕೊಂಡವಳಿಗೆ ಇದ್ದತ್ ನಾಲ್ಕು ತಿಂಗಳು ಹತ್ತು ದಿನ. ಉಳಿದ ಬಂಧುಗಳ ಶೋಕಾಚರಣೆಗೆ ಶಾಸ್ತ್ರ ಕೊಡುವುದು ಮೂರೇ ದಿನ, ಆದರೂ ನಲವತ್ತನೆಯ ದಿನದ ಊಟ ಅನೇಕ ಮನೆಗಳಲ್ಲಿ ನಡೆಯುತ್ತದೆ. ಬ್ರಾಹ್ಮಣರ ಮನೆಯಲ್ಲಿ ಹನ್ನೆರಡು ಹದಿಮೂರು ದಿನದ ಕರ್ಮ ಮುಗಿದ ಮೇಲೆ ತಿಂಗಳು ತಿಂಗಳು ಮಾಸಿಕ, ವರ್ಷಕ್ಕೆ ಆಬ್ದಿಕ. ಲಿಂಗಾಯತರ ಮನೆಯಲ್ಲಿ ತತ್ವದ ಪ್ರಕಾರ ಸಾವಿನ ಸೂತಕವೇ ಇಲ್ಲ. ಸತ್ತವರು ಲಿಂಗೈಕ್ಯರು, ಕುಳಿತ ಭಂಗಿಯಲ್ಲಿ ಸಮಾಧಿ, ವಿಭೂತಿ, ಗಣಾರಾಧನೆ. ತತ್ವ ಹಾಗಿದೆ ಎಂದು ಆ ಮನೆಯ ಹೆಣ್ಣುಮಕ್ಕಳು ಅಳುವುದನ್ನೇನೂ ಬಿಟ್ಟಿಲ್ಲ. ಮುಂದಿನ ಕೇರಿಗಳಲ್ಲಿ ಮೂರನೆಯ ದಿನ ಹಾಲುತುಪ್ಪ, ಆಮೇಲೆ ‘ದಿನ’, ವರ್ಷದವರೆಗೆ ಆ ಮನೆಗೆ ಹಬ್ಬವಿಲ್ಲ. ಆರು ತಿಂಗಳ ಗೆರೆಯನ್ನು ಈ ಓಣಿಯ ಮೇಲೆ ಎಳೆದು ನೋಡಿ. ಒಂದು ಮನೆಗೆ ಅದು ಗಡುವು ದಾಟಿ ಎಷ್ಟೋ ದಿನವಾದ ಮೇಲೆ ಬೀಳುತ್ತದೆ, ಪಕ್ಕದ ಮನೆಗೆ ಆಚರಣೆಯ ನಟ್ಟನಡುವೆ.

ಆದರೆ ಧರ್ಮಗ್ರಂಥ ನೋಡಿ ಮಿತಿ ಬರೆದುಬಿಟ್ಟರೆ ಕೆಲಸ ಕೆಡುತ್ತದೆ. ಇದ್ದತ್ ಹೇಳುವುದು ಹೆಣ್ಣು ಹೇಗಿರಬೇಕು ಎಂದು, ಅವಳ ಮನಸ್ಸು ಯಾವಾಗ ತಿಳಿಯಾಗಬೇಕು ಎಂದಲ್ಲ. ಒಂದೇ ಧರ್ಮದವರು ಒಂದೇ ಥರ ದುಃಖಿಸುತ್ತಾರೆ ಎಂಬುದೂ ಸುಳ್ಳು. ನಾರ್ವೆಯ ಮಾನವಶಾಸ್ತ್ರಜ್ಞೆ ಉನ್ನಿ ವಿಕನ್ 1988ರಲ್ಲಿ ಈಜಿಪ್ಟಿನ ಮತ್ತು ಬಾಲಿಯ ಮುಸ್ಲಿಮರನ್ನು ಹೋಲಿಸಿ ಬರೆದರು. ಈಜಿಪ್ಟಿನಲ್ಲಿ ಮಗು ಸತ್ತ ತಾಯಿ ಎದೆ ಬಡಿದುಕೊಂಡು ಅಳಬೇಕು, ಸುತ್ತಲಿನವರೂ ಅಳುತ್ತಾರೆ, ಅಳದಿದ್ದರೆ ಅವಳಿಗೆ ಕೆಡುಕಾದೀತೆಂಬ ಭಯ. ಬಾಲಿಯಲ್ಲಿ ಅವಳು ನಗುಮುಖ ತೋರಿಸಬೇಕು, ಸುತ್ತಲಿನವರು ಅವಳನ್ನು ನಗಿಸುತ್ತಾರೆ. ಅತ್ತರೆ ಆರೋಗ್ಯ ಕೆಡುತ್ತದೆ, ಬೇರೆಯವರ ಆರೋಗ್ಯವೂ ಕೆಡುತ್ತದೆ. ಕುರಾನ್ ಒಂದೇ. ಈ ಇಬ್ಬರು ತಾಯಂದಿರಿಗೂ ಒಂದೇ ಪ್ರಶ್ನಾವಳಿ ಕೊಟ್ಟು ಅಂಕ ಹೋಲಿಸಿದರೆ ನಾವು ಅಳೆಯುವುದು ದುಃಖವನ್ನೋ, ದುಃಖ ತೋರಿಸಲು ಇರುವ ಪರವಾನಗಿಯನ್ನೋ?

ನಮ್ಮ ಸೀಮೆಯಲ್ಲಂತೂ ಒಬ್ಬರ ಶೋಕವನ್ನು ಇನ್ನೊಬ್ಬರು ಕಡ ತೆಗೆದುಕೊಳ್ಳುವ ರೂಢಿಯೂ ಇದೆ. ಮೊಹರಮ್ಮಿನ ಪೀರಲ ಹಬ್ಬದಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ, ರಿವಾಯತ್ ಪದ ಹೇಳುವವರಲ್ಲಿ ಅರ್ಧಕ್ಕರ್ಧ ಹಿಂದೂಗಳೇ ಇರುವ ಹಳ್ಳಿಗಳು ಎಷ್ಟೋ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಆದ ಸಾವಿಗೆ ಇವತ್ತೂ ಕಣ್ಣೀರು ಬರುತ್ತದೆ. ಪ್ರಶ್ನಾವಳಿ ಹಿಡಿದವರು ಅವತ್ತೇ ಊರಿಗೆ ಬಂದರೆ 1300 ವರ್ಷ ದಾಟಿದ ದುಃಖವೆಂದು ಇಡೀ ಊರನ್ನೇ ದಾಖಲು ಮಾಡಿಕೊಳ್ಳಬೇಕಾದೀತು.

ಮಿತಿಗಳು ನ್ಯಾಯವಲ್ಲ ಎಂದೆ. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಸಂಸ್ಕೃತಿಯ ಹೆಸರಲ್ಲಿ ಮಾತಾಡುವ ನಮ್ಮಂಥವರು ಜಾರುವುದು ಇಲ್ಲಿಯೇ. ಹಸುಗೂಸು ಸತ್ತರೆ ನಮ್ಮ ಬಹುಪಾಲು ಮನೆಗಳಲ್ಲಿ ಅಂದೇ ಮಣ್ಣು ಮಾಡಿ ಬರುತ್ತಾರೆ. ದಿನವಿಲ್ಲ, ಎಡೆಯಿಲ್ಲ, ಬಳಗ ಬಂದು ಕೂರುವುದಿಲ್ಲ. “ಇನ್ನೊಂದಾಗ್ತೈತಿ ಬಿಡಮ್ಮ” ಎಂದು ಹೇಳಿದವರು ಒಳ್ಳೆಯವರೇ, ಸಮಾಧಾನ ಮಾಡಲೆಂದೇ ಹೇಳಿದ್ದು. ಆದರೆ ಆ ತಾಯಿಗೆ ಸಮಾಜ ಮಂಜೂರು ಮಾಡಿದ ದುಃಖದ ದಿನಗಳು ಸೊನ್ನೆ. ಷರತ್ತನ್ನು ಅಕ್ಷರಶಃ ಹಿಡಿದರೆ ಅವಳು ಎರಡನೆಯ ವಾರ ಅತ್ತರೂ ಮಿತಿ ಮೀರಿದಂತೆ. ತದ್ವಿರುದ್ಧವಾಗಿ, ಎಳೆಯ ವಿಧವೆ ಐದು ವರ್ಷ ಯಾವ ಮದುವೆಗೂ ಹೋಗದೆ, ಬಣ್ಣದ ಸೀರೆ ಉಡದೆ ಮೂಲೆಯಲ್ಲಿದ್ದರೆ ‘ನಮ್ಮಲ್ಲಿ ಹಾಗೇ’ ಎನ್ನುತ್ತೇವೆ. ಅವಳು ಒಳಗೆ ಕುಸಿದಿದ್ದರೂ ಮಿತಿಯೊಳಗೇ ಇದ್ದಾಳೆ ಎಂದು ಲೆಕ್ಕ. ಆತ್ಮಹತ್ಯೆಯಾದ ಮನೆಯದು ಇನ್ನೊಂದು ಕಥೆ. ಶವಾಗಾರ, ಪೊಲೀಸು, ಪಂಚನಾಮೆ ಮುಗಿಸಿ ಬರುವಷ್ಟರಲ್ಲಿ ಬಳಗ ತೆಳ್ಳಗಾಗಿರುತ್ತದೆ, ಸಾವಿನ ಕಾರಣವನ್ನು ಊರೆಲ್ಲ ಮಾತಾಡುತ್ತದೆ, ಮನೆಯವರು ಮಾತ್ರ ಮಾತಾಡುವಂತಿಲ್ಲ. ಸಹಜ ಸಾವಿನ ನಂತರ ಸುಮಾರು ಹತ್ತರಲ್ಲಿ ಒಬ್ಬರಿಗೆ ಈ ವ್ಯಾಧಿ ಎಂದು 2017ರ ಒಂದು ಸಮಗ್ರ ವಿಶ್ಲೇಷಣೆ ಅಂದಾಜಿಸಿತು. ಅಪಘಾತ, ಕೊಲೆ, ಆತ್ಮಹತ್ಯೆ, ದುರಂತಗಳ ನಂತರ ಸರಿಸುಮಾರು ಅರ್ಧದಷ್ಟು ಜನಕ್ಕೆ ಎಂದು 2020ರ ಇನ್ನೊಂದು. ಹೆದ್ದಾರಿಯಲ್ಲಿ ಅದಿರಿನ ಲಾರಿಗಳೂ ಹೊಲದ ಮನೆಯಲ್ಲಿ ಕೀಟನಾಶಕದ ಡಬ್ಬಿಗಳೂ ಇರುವ ಜಿಲ್ಲೆ ನಮ್ಮದು. ಎರಡನೆಯ ಅಂದಾಜನ್ನು ಮರೆಯಬಾರದು.

ಒಂದು ಪಕ್ಕದ ಮಾತು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡದಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ನವಶಿಲಾಯುಗದ ನೆಲೆಯನ್ನು ಅಗೆದಾಗ, ಜನ ವಾಸವಿದ್ದ ಜಾಗದಲ್ಲೇ ಮಡಕೆಯೊಳಗಿಟ್ಟು ಹೂಳಿದ ಎಳೆಯ ಮಕ್ಕಳ ಎಲುಬುಗಳು ಸಿಕ್ಕವು. ಸತ್ತ ಕೂಸನ್ನು ಊರಾಚೆ ಒಯ್ಯದೆ ಮನೆಯ ಹತ್ತಿರವೇ ಇಟ್ಟುಕೊಂಡ ಜನ ಇದೇ ಬಂಡೆಗಳ ನಡುವೆ ಬದುಕಿದ್ದರು. ಅದು ಪ್ರೀತಿಯೋ ಭಯವೋ ಮಡಕೆ ಹೇಳುವುದಿಲ್ಲ. ‘ನಮ್ಮಲ್ಲಿ ಹಿಂದಿನಿಂದಲೂ ಹೀಗೇ’ ಎನ್ನುವ ಮಾತಿಗೆ ಮಾತ್ರ ಅದು ಉತ್ತರ ಹೇಳುತ್ತದೆ.

ಆಚರಣೆಯೇ ತಪ್ಪಿಹೋದ ಸಾವುಗಳೂ ಇವೆ. 2020ರ ಜೂನ್ ಕೊನೆಯ ವಾರ ನಿಮಗೆಲ್ಲ ನೆನಪಿರಬೇಕು. ಕೊರೊನಾದಿಂದ ಸತ್ತವರ ಶವಗಳನ್ನು ರಕ್ಷಾಕವಚ ತೊಟ್ಟ ಸಿಬ್ಬಂದಿ ಒಂದೇ ಗುಂಡಿಗೆ ಎಸೆಯುತ್ತಿದ್ದ ವಿಡಿಯೊ ಬಳ್ಳಾರಿಯಿಂದ ದೇಶವಿಡೀ ಹರಡಿತು. ಜಿಲ್ಲಾಡಳಿತ ಕ್ಷಮೆ ಕೇಳಿತು, ಆ ತಂಡವನ್ನು ಬದಲಿಸಿತು. ನಮ್ಮ ಕಡೆ ಸಾವಿನ ಸುದ್ದಿ ಕೇಳಿದವರು ಮೊದಲು ಕೇಳುವ ಮಾತು “ಮಣ್ಣು ಎಷ್ಟೊತ್ತಿಗೆ?” ಎಂದು. ಮಣ್ಣಿಗೆ ಹೋಗದಿದ್ದರೆ ಸಂಬಂಧವೇ ಕೆಡುತ್ತದೆ. ಎಷ್ಟು ದೂರವಿದ್ದರೂ ಬಂದು ಒಂದು ಹಿಡಿ ಮಣ್ಣು ಹಾಕಿ ಹೋಗಬೇಕು. ಆ ವರ್ಷ ಹೆತ್ತ ಮಕ್ಕಳೂ ಮಣ್ಣು ಹಾಕಲಿಲ್ಲ. ಮುಖ ನೋಡಲಿಲ್ಲ, ದಿನಕ್ಕೆ ಬಳಗ ಕರೆಯಲಿಲ್ಲ. ಇಂಥವರಲ್ಲಿ ಉಳಿದಿರುವ ದುಃಖವನ್ನು ಯಾವ ಪ್ರಶ್ನೆ ಹಿಡಿಯುತ್ತದೆ? 2021ರ ಪ್ರಶ್ನಾವಳಿಯ ಹತ್ತು ಪ್ರಶ್ನೆಗಳಲ್ಲಿ ಒಂದೂ ‘ಮಣ್ಣು ಮಾಡುವಾಗ ನೀವಿದ್ದಿರಾ?’ ಎಂದು ಕೇಳುವುದಿಲ್ಲ. ನಮ್ಮ ಸೀಮೆಯಲ್ಲಿ ಆ ಒಂದು ಪ್ರಶ್ನೆ ಉಳಿದ ಐದಕ್ಕೆ ಸಮ ಎಂದು ನಾನು ತಿಳಿದಿದ್ದೇನೆ.

ಇಂಥ ಸ್ಥಳೀಯ ಪ್ರಶ್ನೆಗಳಿಗೆ ಈಗ ಶಾಸ್ತ್ರದಲ್ಲೇ ಜಾಗವಾಗಿದೆ. ಜ್ಯೂರಿಕ್ ವಿಶ್ವವಿದ್ಯಾಲಯದ ಕ್ಲೇರ್ ಕಿಲ್ಲಿಕೆಲ್ಲಿ, ಆಂಡ್ರಿಯಾಸ್ ಮೇರ್ಕರ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಂತರರಾಷ್ಟ್ರೀಯ ಅಳತೆಗೋಲಿನಲ್ಲಿ ಎಲ್ಲರಿಗೂ ಸಮನಾದ ಒಂದು ಭಾಗ, ಆಯಾ ಸಂಸ್ಕೃತಿಗೆ ತಕ್ಕಂತೆ ಸೇರಿಸಿಕೊಳ್ಳಲು ಇನ್ನೊಂದು ಭಾಗ ಇವೆ. ಅವರು ಪರೀಕ್ಷಿಸಿದ್ದು ಜರ್ಮನ್ ಮತ್ತು ಚೀನೀ ಭಾಷಿಕರಲ್ಲಿ. ಕನ್ನಡದ ನೆಲ ಇದಕ್ಕೆ ಹೊಸದೇನಲ್ಲ. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ, ಹೆಚ್ಚಿನವರು ಮಕ್ಕಳು, ಸತ್ತಾಗ ನಿಮ್ಹಾನ್ಸಿನವರು ಸತ್ತವರ ಬಂಧುಗಳ ಶೋಕವನ್ನು ಅಧ್ಯಯನ ಮಾಡಿ 1987ರಲ್ಲಿ ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರ ಮುಂದಿನ ಹೆಜ್ಜೆಗಳು ಮಾತ್ರ ವಿರಳ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿದ್ದು ಬೆಂಗಳೂರಿನ ನಿಮ್ಹಾನ್ಸೇ ಆದರೂ, ಅದು ಹೋದ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ.

ಹಾಗಾದರೆ ಇಲ್ಲಿ ಕೇಳುವುದು ಹೇಗೆ? ‘ಎಂದೂ ಇಲ್ಲ, ಅಪರೂಪಕ್ಕೆ, ಕೆಲವೊಮ್ಮೆ, ಆಗಾಗ, ಯಾವಾಗಲೂ’ ಎಂಬ ಮೆಟ್ಟಿಲುಗಳನ್ನು ಓದಿ ಹೇಳಿದರೆ ಕುರುಗೋಡಿನ ಅಜ್ಜಿ ಮಿಕಮಿಕ ನೋಡುತ್ತಾಳೆ. ಅದೇ ಅಜ್ಜಿ ಡಾಕ್ಟರ ಹತ್ತಿರ ಹೋದಾಗ “ಮೊಣಕಾಲು ಎಂಟಾಣೆ ಕಮ್ಮಿ ಆಗೈತ್ರಿ, ಇನ್ನ ಎಂಟಾಣೆ ಉಳಿದೈತಿ” ಎಂದು ತಾನಾಗಿ ಹೇಳುತ್ತಾಳೆ. ಆಣೆ ಚಲಾವಣೆಯಿಂದ ಹೋಗಿ ಅರವತ್ತು ವರ್ಷ ಮೀರಿದರೂ ನೋವಿನ ಲೆಕ್ಕದಲ್ಲಿ ಅದು ಇನ್ನೂ ನಡೆಯುತ್ತದೆ. ಏನೂ ಇಲ್ಲ, ನಾಕಾಣೆ, ಎಂಟಾಣೆ, ಬಾರಾಣೆ, ಪೂರಾ ರೂಪಾಯಿ: ಸೊನ್ನೆಯಿಂದ ನಾಲ್ಕರ ಐದು ಮೆಟ್ಟಿಲು ಸಿದ್ಧವಾಗಿಯೇ ಇವೆ. ಇಪ್ಪತ್ತರ ಹುಡುಗರಿಗೆ ಇದು ಒಗ್ಗದಿರಬಹುದು, ಅವರಿಗೆ ಮೊಬೈಲಿನ ಚಾರ್ಜಿನ ಗೆರೆ ತೋರಿಸಿದರೂ ಆದೀತು. ಕಾಲದ ಲೆಕ್ಕಕ್ಕೂ ತಿಂಗಳು ತಾರೀಖು ಕೆಲಸಕ್ಕೆ ಬಾರದು. ದುರ್ಗಮ್ಮನ ಸಿಡಿಬಂಡಿಗೆ ಮುಂಚೆಯೋ ಆಮೇಲೋ, ದೊಡ್ಡಬಸವೇಶ್ವರನ ತೇರಿಗೆ ಮುಂಚೆಯೋ, ಕಾಲುವೆಗೆ ನೀರು ಬಿಟ್ಟ ಮೇಲೋ ಎಂದು ಕೇಳಬೇಕು. ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದ 2024ರ ಆಗಸ್ಟ್ ಈ ಸೀಮೆಯ ರೈತರಿಗೆ ಇನ್ನು ಎಷ್ಟೋ ವರ್ಷ ಗುರುತಿನ ಕಲ್ಲು.

ಕೇಳುವುದು ಎಲ್ಲಿ, ಯಾರ ಮುಂದೆ ಎನ್ನುವುದು ಪ್ರಶ್ನೆಗಿಂತ ದೊಡ್ಡದು. ಸೊಸೆಯನ್ನು ಕೇಳಿದ್ದಕ್ಕೆ ಅತ್ತೆ ಉತ್ತರ ಹೇಳುತ್ತಾಳೆ, ಅತ್ತೆಯನ್ನು ಕೇಳಿದ್ದಕ್ಕೆ ಮಗ. ‘ಒಂಟಿತನ ಅನಿಸುತ್ತದೆಯೇ?’ ಎಂದು ಹತ್ತು ಜನರ ಮನೆಯಲ್ಲಿ ಜೋರಾಗಿ ಕೇಳಿದರೆ ಅದು ಮನೆಯವರ ಮೇಲೆ ದೂರು ಹೇಳಿಸಿದಂತೆ. ಉತ್ತರ ‘ಇಲ್ಲ’ ಎಂದೇ ಬರುತ್ತದೆ. ಬಟ್ಟೆ ಒಗೆಯುವಲ್ಲಿ, ಭತ್ತ ನಾಟಿಯ ಬದುವಿನಲ್ಲಿ ಕೇಳಿದರೆ ಬೇರೆ ಉತ್ತರ. ಗಂಡಸರನ್ನಂತೂ ಯಾರೂ ಕೇಳುವುದೇ ಇಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ರಾಜ್ಯವೆಲ್ಲ ತಾಯಂದಿರ ಬಗ್ಗೆ, ಕೂಸುಗಳ ಬಗ್ಗೆ ಮಾತಾಡಿತು. ಇಂಥ ಮನೆಯ ಎಳೆಯ ಗಂಡ ಕೂಸನ್ನು ಅಜ್ಜಿಯ ಮಡಿಲಿಗೆ ಹಾಕಿ ಕೂಲಿಗೆ ಹೋಗುತ್ತಾನೆ. ಸಂಜೆ ಎಲ್ಲಿ ಕೂರುತ್ತಾನೆ ಎಂದು ಕೇಳಿದರೆ ಅವನ ದುಃಖದ ಅಳತೆ ಸಿಗಬಹುದು. ಅಂಥವನಿಗೆ ಮಗುವಿನ ಹುಟ್ಟುಹಬ್ಬವೂ ಹೆಂಡತಿಯ ವರ್ಷದ ದಿನವೂ ಒಂದರ ಪಕ್ಕ ಒಂದು ಬರುತ್ತವೆ.

ವರ್ಷದ ಮಾತು ಬಂದದ್ದರಿಂದ ಹೇಳುತ್ತೇನೆ. ಹನ್ನೆರಡು ತಿಂಗಳು ತುಂಬಿದೊಡನೆ ಅಳೆಯಲು ಹೋಗುವುದು ನಮ್ಮಲ್ಲಿ ದೊಡ್ಡ ತಪ್ಪು. ಆ ವಾರ ಇಡೀ ಬಳಗ ಸೇರಿ, ಫೋಟೊ ಒರೆಸಿ ಹಾರ ಹಾಕಿ, ಬೇಕೆಂದೇ ದುಃಖವನ್ನು ಎಬ್ಬಿಸಿ ಅತ್ತು ಕಳಿಸುವ ವಾರ. ಅಂಕ ಏರಿಯೇ ಇರುತ್ತದೆ. ವರ್ಷ ಮುಗಿದು ಒಂದೆರಡು ತಿಂಗಳು ಬಿಟ್ಟು, ಮನೆಗೆ ಮೊದಲ ಹಬ್ಬ ಬಂದಾಗ ಒಲೆಯ ಮೇಲೆ ಹೋಳಿಗೆ ಹೆಂಚು ಏರಿತೇ ಎಂದು ನೋಡಬೇಕು. ಏರದಿದ್ದರೆ ಆಗ ಹಾಳೆ ತೆಗೆಯಬಹುದು. ಇನ್ನು, ಸತ್ತವರ ನೆನಪಿಗೆ ಅಂಟಿಕೊಳ್ಳುವುದನ್ನೇ ರೋಗವೆಂದು ಬಗೆದರೆ ಈ ದತ್ತಿ ಉಪನ್ಯಾಸವೂ ಸಂಶಯಕ್ಕೆ ಬೀಳುತ್ತದೆ. ದತ್ತಿಯೆಂದರೆ ಅಗಲಿದವರ ಹೆಸರಲ್ಲಿ ಬ್ಯಾಂಕಿನಲ್ಲಿ ಹಣ ಇಟ್ಟು, ವರ್ಷವರ್ಷ ಒಬ್ಬರನ್ನು ಕರೆಸಿ ಮಾತಾಡಿಸುವುದೇ ತಾನೇ.

ಇಷ್ಟೆಲ್ಲ ಕಷ್ಟಪಟ್ಟು ಅಳೆಯಲೇಬೇಕೇ? ದುಃಖವನ್ನು ರೋಗ ಮಾಡಿ ಮಾತ್ರೆ ಮಾರುವ ಹುನ್ನಾರ ಇದು ಎನ್ನುವವರಿದ್ದಾರೆ. ಹಾರ್ವರ್ಡಿನ ಆರ್ಥರ್ ಕ್ಲೈನ್‌ಮನ್ ತಮ್ಮ ಹೆಂಡತಿ ತೀರಿಕೊಂಡ ಮೇಲೆ 2012ರಲ್ಲಿ ಬರೆದ ಲೇಖನದಲ್ಲಿ ಇಂಥದೇ ಆತಂಕವನ್ನು ಘನವಾಗಿ ಎತ್ತಿದರು. ಆ ಆತಂಕವನ್ನು ಒಪ್ಪಿಯೂ ನಾನು ಅಳೆಯುವವರ ಪಕ್ಷ. ಕಾರಣ ಮಾತ್ರೆಯೇ. ಇಂದು ನಮ್ಮಲ್ಲಿ ಇಂಥ ದುಃಖ ಹಿಡಿದ ಹೆಣ್ಣುಮಗಳು ಎದೆಭಾರ, ನಿದ್ದೆಯಿಲ್ಲ, ಊಟ ಸೇರದು ಎಂದು ಆಸ್ಪತ್ರೆಗೆ ಬಂದರೆ ಖಿನ್ನತೆಯೆಂದು ಮಾತ್ರೆ ಬರೆದುಕೊಟ್ಟು ಕಳಿಸುವುದೇ ಹೆಚ್ಚು. ಕ್ಯಾಥರೀನ್ ಶಿಯರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ, 395 ಜನರ ಮೇಲೆ ನಡೆಸಿದ ಪ್ರಯೋಗದಲ್ಲಿ ಖಿನ್ನತೆಯ ಮಾತ್ರೆ ಈ ಶೋಕವನ್ನು ಇಳಿಸಲಿಲ್ಲ. ಇಳಿಸಿದ್ದು ಹದಿನಾರು ಭೇಟಿಗಳ ಮಾತಿನ ಚಿಕಿತ್ಸೆ. ಮಾತ್ರೆ ಜೊತೆಗಿದ್ದಾಗ ಖಿನ್ನತೆಯ ಲಕ್ಷಣಗಳಿಗಷ್ಟೇ ನೆರವಾಯಿತು. ಎರಡನ್ನೂ ಬೇರೆ ಮಾಡಿ ಗುರುತಿಸದಿದ್ದರೆ ತಪ್ಪು ಮಾತ್ರೆ ವರ್ಷಗಟ್ಟಲೆ ನಡೆಯುತ್ತದೆ.

ಆದರೆ ಹದಿನಾರು ಭೇಟಿ ಎಂದರೆ ಸಿರುಗುಪ್ಪದಿಂದ ಬಳ್ಳಾರಿಗೆ ಹದಿನಾರು ಸಲ ಬಸ್ಸು, ಹದಿನಾರು ದಿನದ ಕೂಲಿ. ನಾಟಿಯ ದಿನಗಳಲ್ಲಿ ಯಾರೂ ಬರುವುದಿಲ್ಲ. 2018ರಲ್ಲಿ ತಾಲ್ಲೂಕಾದ ಕುರುಗೋಡಿನಿಂದಲೂ ಬರುವುದು ಕಷ್ಟವೇ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರದ ಶಿಬಿರಕ್ಕೆ ತಾಲ್ಲೂಕಿಗೆ ಬರುವ ಮನೋವೈದ್ಯರಿಗೆ ಒಬ್ಬೊಬ್ಬ ರೋಗಿಗೆ ಸಿಗುವುದು ಕೆಲವೇ ನಿಮಿಷ. 14416ಕ್ಕೆ ಫೋನು ಮಾಡಿದರೆ ಟೆಲಿಮನಸ್‌ನಲ್ಲಿ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ, ಆದರೆ ಮನೆಯ ಒಂದೇ ಮೊಬೈಲು ಮಗನ ಜೇಬಿನಲ್ಲಿರುತ್ತದೆ. ಹಾಗಾಗಿ ಹಾಳೆ ಹಂಚುವ ಮೊದಲು ಆಗಬೇಕಾದದ್ದು ಎರಡು. ಜಿಲ್ಲಾ ಕಾರ್ಯಕ್ರಮದ ಸಮಾಜ ಕಾರ್ಯಕರ್ತರಿಗೂ ದಾದಿಯರಿಗೂ ಈ ಮಾತಿನ ಚಿಕಿತ್ಸೆ ಕಲಿಸಬೇಕು; 1985ರಲ್ಲಿ ಇದೇ ಜಿಲ್ಲೆಯ ಆರೋಗ್ಯ ಕಾರ್ಯಕರ್ತರು ಇದಕ್ಕಿಂತ ಹೊಸದನ್ನು ಕಲಿತಿದ್ದರು. ಆಮೇಲೆ ಈ ತಾಲ್ಲೂಕುಗಳಲ್ಲಿ ಕೇರಿಗೊಬ್ಬಳಂತೆ ಹಿರಿಯ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು, ಯಾರ ಸಾವಿಗೆ ಎಷ್ಟು ದಿನ, ಯಾರ ಸಾವಿಗೆ ಏನೂ ಇಲ್ಲ, ಮಣ್ಣಿಗೆ ಯಾರು ಬರಬೇಕು, ಯಾರು ಬರದಿದ್ದರೆ ಮನಸ್ಸಿಗೆ ಹತ್ತುತ್ತದೆ ಎಂದು ಕೇಳಿ ಬರೆದುಕೊಳ್ಳಬೇಕು. ಪುರೋಹಿತರನ್ನೂ ಮೌಲ್ವಿಗಳನ್ನೂ ಅಯ್ಯನವರನ್ನೂ ಕೇಳೋಣ, ಆದರೆ ಎರಡನೆಯ ಸುತ್ತಿನಲ್ಲಿ. ಈ ಕಾಲೇಜಿನ ಸಮಾಜಕಾರ್ಯ, ಸಮಾಜಶಾಸ್ತ್ರದ ವಿದ್ಯಾರ್ಥಿಗಳಲ್ಲಿ ಸಿರುಗುಪ್ಪ, ಕುರುಗೋಡು ಕಡೆಯವರು ಬೇಕಾದಷ್ಟಿದ್ದೀರಿ. ದೀಪಾವಳಿ ರಜೆಗೆ ಊರಿಗೆ ಹೋದಾಗ ಕೆಲಸ ಶುರುಮಾಡಬಹುದು, ಹಬ್ಬ ಮಾಡದ ಮನೆ ಯಾವುದು ಎಂದು ಆಗ ಕೇಳದೆಯೇ ಗೊತ್ತಾಗುತ್ತದೆ.